ಏನೂ ಆಗಲಿಲ್ಲವಲ್ಲ

ಟಯರಿನ ಬಗ್ಗೆ ಒಂದು ದಿನ ನಾನು ಪ್ರಬಂಧ ಬರೆಯುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮೂವತ್ತೊಂದು ವರ್ಷ ಪುತ್ತೂರಿನ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ನನ್ನ ಮಟ್ಟಿಗೆ ಟಯರೆಂದರೆ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ನಿಂತಾಗ ಮಾತ್ರ ನೆನಪಾಗುವ ವಸ್ತು. ಸವೆದು ಹೋದರೆ ಹುಡುಗರು ಕೋಲಿನಿಂದ ಹೊಡೆದು ಓಡಿಸುವ ಆಟಿಕೆ. ಅದರ ಆಚೆಗೆ ಅದಕ್ಕೊಂದು ಲೋಕವಿದೆ, ಆ ಲೋಕದಲ್ಲಿ ಧರ್ಮಾಧರ್ಮದ ಪ್ರಶ್ನೆಯೂ ಇದೆ ಎಂದು ತಿಳಿಯಲು ಅರವತ್ತೇಳನೆಯ ವಯಸ್ಸಿನಲ್ಲಿ ಜರ್ಮನಿಯ ಮ್ಯೂನಿಕ್‌ವರೆಗೆ ಹೋಗಬೇಕಾಯಿತು.

2024ರ ಅಕ್ಟೋಬರ್ ಕೊನೆಯಲ್ಲಿ ಮಗನ ಮನೆಗೆ ಹೋದೆ. ಮಗ, ಸೊಸೆ ಇರುವುದು ಮ್ಯೂನಿಕ್‌ನಿಂದ ಸ್ವಲ್ಪ ಹೊರಗಿನ ಒಂದು ಚಿಕ್ಕ ಊರಿನಲ್ಲಿ. ಬಾನು ತಿಳಿಯಾಗಿದ್ದ ದಿನ ಅಡುಗೆಮನೆಯ ಕಿಟಕಿಯಿಂದ ದೂರದ ಆಲ್ಪ್ಸ್ ಬೆಟ್ಟಗಳ ಬಿಳಿ ನೆತ್ತಿ ಕಾಣುತ್ತದೆ. ನಾನು ಹೋದ ದಿನವೇ ಮಗ ಉತ್ಸಾಹದಿಂದ ಕೆಳಗೆ ಕರೆದೊಯ್ದು ತನ್ನ ಹೊಸ ಸಂಪಾದನೆಯನ್ನು ತೋರಿಸಿದ. ಹೊಸದೆಂದರೆ ಹೊಸದಲ್ಲ, ಯಾರೋ ಓಡಿಸಿ ಬಿಟ್ಟ ಕಾರನ್ನು ಆ ಬೇಸಿಗೆಯಲ್ಲಿ ಕೊಂಡಿದ್ದ. ಕೆಂಪು ಬಣ್ಣ, ಉದ್ದ ಮೂಗು, ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಮಾಡು. ಒಳಗೆ ಎರಡೇ ಸೀಟು. ಕೂರುವುದೆಂದರೆ ಮಣೆಯ ಮೇಲೆ ಊಟಕ್ಕೆ ಕೂತ ಹಾಗೆ, ಏಳುವಾಗ ಯಾರಾದರೂ ಕೈ ಕೊಡಬೇಕು. ಇದಕ್ಕೆ ಸ್ಪೋರ್ಟ್ಸ್ ಕಾರು ಎನ್ನುತ್ತಾರಂತೆ.

"ಸಂಸಾರಸ್ಥನಿಗೆ ಎರಡೇ ಸೀಟಿನ ಕಾರೇ? ನಾಳೆ ಮಗುವಾದರೆ ಎಲ್ಲಿ ಕೂರಿಸುತ್ತೀ ಮಾರಾಯ?" ಎಂದೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಶಾಲು ಹಿಡಿದು ನಕ್ಕಳು. ಮಗ ಮಾತ್ರ, "ಚಿಕ್ಕಂದಿನಿಂದ ಆಸೆಯಿತ್ತಮ್ಮ" ಎಂದು ಆ ಕಾರಿನ ಬೆನ್ನು ಸವರಿದ. ಚಿಕ್ಕಂದಿನಲ್ಲಿ ಅವನು ಬೆಂಕಿಪೊಟ್ಟಣಕ್ಕೆ ಸೋಡಾ ಬಾಟಲಿಯ ಮುಚ್ಚಳದ ಚಕ್ರ ಹಚ್ಚಿ ಜಗಲಿಯ ಉದ್ದಕ್ಕೂ ಓಡಿಸುತ್ತಿದ್ದದ್ದು ನೆನಪಾಗಿ ಸುಮ್ಮನಾದೆ.

ಆ ದೇಶದಲ್ಲಿ ಕಾರು ಇಟ್ಟುಕೊಂಡವರಿಗೆ ಎರಡು ಜೊತೆ ಟಯರು ಬೇಕು. ಬೇಸಿಗೆಗೊಂದು, ಚಳಿಗಾಲಕ್ಕೊಂದು. ಯಾವಾಗ ಬದಲಾಯಿಸಬೇಕೆಂಬುದಕ್ಕೆ ಅವರಲ್ಲಿ ಒಂದು ಆಡುಮಾತಿದೆ: "ಓ ಇಂದ ಓ ತನಕ." ಅಕ್ಟೋಬರಿಗೂ ಈಸ್ಟರ್ ಹಬ್ಬಕ್ಕೂ ಅವರ ಭಾಷೆಯಲ್ಲಿ ಮೊದಲ ಅಕ್ಷರ 'ಓ'. ನಮ್ಮಲ್ಲಿ ಪತ್ತನಾಜೆಗೆ ಮೊದಲು ಸೌದೆ ಒಳಗೆ ಸೇರಬೇಕು ಎನ್ನುವ ಹಾಗೆ. ಮಗ ಕೊಂಡ ಕಾರಿಗೆ ಇದ್ದದ್ದು ಬೇಸಿಗೆಯ ಟಯರು ಮಾತ್ರ. ಚಳಿಗಾಲದ್ದನ್ನು ಕೊಳ್ಳಬೇಕಿತ್ತು. ಕೊಳ್ಳೋಣ, ಈ ವಾರ, ಮುಂದಿನ ವಾರ ಎನ್ನುತ್ತ ಅಕ್ಟೋಬರ್ ಕಳೆದಿತ್ತು. "ಇನ್ನೂ ಹಿಮ ಬಿದ್ದಿಲ್ಲವಲ್ಲ" ಎಂಬುದು ಅವನ ಸಮಾಧಾನ.

ನವೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ. ನನ್ನನ್ನು ರೈಲು ನಿಲ್ದಾಣಕ್ಕೆ ಬಿಡಲು ಮಗ ಹೊರಟ. ಅಲ್ಲಿ ಸೊಸೆ ಕಾಯುತ್ತಿದ್ದಳು. ಹಿಮವೇನೂ ಇರಲಿಲ್ಲ. ಹುಲ್ಲಿನ ಮೇಲೆ ಸಕ್ಕರೆ ಪುಡಿ ಉದುರಿಸಿದ ಹಾಗೆ ತೆಳ್ಳಗಿನ ಬಿಳುಪು, ರಸ್ತೆಯ ಮೇಲೆ ಒದ್ದೆಯಾದ ಹಣ್ಣೆಲೆ. ಕಾರಿನೊಳಗಿನ ಫಲಕ 1 ಡಿಗ್ರಿ ಎಂದು ತೋರಿಸುತ್ತಿತ್ತು. ಊರಿನೊಳಗಿನ ಸಣ್ಣ ಇಳಿಜಾರು ಅದು. ಅವನೇನೂ ಜೋರಾಗಿ ಓಡಿಸುತ್ತಿರಲಿಲ್ಲ, ಅದನ್ನು ಹೇಳಿಬಿಡಬೇಕು. ಕೆಳಗೆ ರಸ್ತೆ ದಾಟುವವರಿಗೆ ಬಿಳಿ ಪಟ್ಟೆ ಎಳೆದ ಜಾಗವಿತ್ತು. ಒಬ್ಬ ಮುದುಕಿ, ನಾಲ್ಕು ಗಾಲಿಯ ನಡಿಗೆಗಾಡಿಯನ್ನು ತಳ್ಳಿಕೊಂಡು ದಾಟಲು ಬಂದಳು. ಆ ದೇಶದಲ್ಲಿ ಪಟ್ಟೆಯ ಹತ್ತಿರ ಯಾರಾದರೂ ದಾಟಲು ಬಂದರೆ ಕಾರು ನಿಲ್ಲಲೇಬೇಕು. ಆದ್ದರಿಂದ ದಾಟುವವರು ಅನುಮಾನಿಸುವುದಿಲ್ಲ. ಮಗ ಬ್ರೇಕು ಒತ್ತಿದ. ಕಾಲಡಿಯಲ್ಲಿ ಏನೋ ಕಟಕಟ ಸದ್ದಾಯಿತು. ಕಾರು ನಿಲ್ಲಲಿಲ್ಲ.

ಒಂದು ವಸ್ತು ನಮ್ಮ ಮಾತು ಕೇಳುವುದನ್ನು ನಿಲ್ಲಿಸಿದಾಗ ಎಂಥ ಮೌನ ಆವರಿಸುತ್ತದೆ ಎಂದು ಆಗ ತಿಳಿಯಿತು. ನಾವಿಬ್ಬರೂ ಕಿರುಚಲಿಲ್ಲ. ಕಾರು ಸಲೀಸಾಗಿ, ದೋಣಿ ದಡಕ್ಕೆ ಬರುವ ಹಾಗೆ, ಪಟ್ಟೆಯ ಮೇಲೆ ಅರ್ಧ ಬಂದು ನಿಂತಿತು. ಮುದುಕಿ ಒಂದು ಕಾಲು ರಸ್ತೆಗಿಟ್ಟಿದ್ದವಳು ಅಷ್ಟಕ್ಕೇ ನಿಂತಿದ್ದಳು. ಅವಳ ಗಾಡಿಗೂ ನಮ್ಮ ಕಾರಿನ ಮೂಗಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಅವಳು ಬಯ್ಯಲಿಲ್ಲ. ಹಿಂದೆ ಹೋಗು ಎಂದು ಕೈಯಾಡಿಸಿದಳು. ಮಗ ಮೆಲ್ಲಗೆ ಹಿಂದಕ್ಕೆ ತೆಗೆದ. ಅವಳು ದಾಟಿದಳು. ಆಚೆ ತಲುಪಿ, ಅಲ್ಲಿಯವರ ಅಭ್ಯಾಸದಂತೆ, ನಿಂತದ್ದಕ್ಕೆ ಧನ್ಯವಾದ ಎಂದು ಕೈಯೆತ್ತಿದಳು.

ಆ ಎತ್ತಿದ ಕೈ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೂ ಆಗಲಿಲ್ಲವಲ್ಲ, ಬಿಡಮ್ಮ" ಎಂದ.

ಆ ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಟಯರಿನ ಸಭೆ ಸೇರಿತು. ಮೂರು ಪಕ್ಷಗಳು. ಸೊಸೆಯದು ಸರಳವಾದ ಪಕ್ಷ: ಚಳಿಗಾಲದಲ್ಲಿ ಈ ಕಾರು ಮಲಗಲಿ. ಅಲ್ಲಿ ಅದಕ್ಕೊಂದು ಏರ್ಪಾಡೂ ಇದೆ. 1997ರಿಂದ ಋತುವಿನ ನಂಬರ್ ಪ್ಲೇಟು ಎಂಬುದು ಜರ್ಮನಿಯಲ್ಲಿ ಸಿಗುತ್ತದೆ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಎಂದು ಪ್ಲೇಟಿನ ಅಂಚಿನಲ್ಲೇ ಅಚ್ಚಾಗಿರುತ್ತದೆ. ಆ ತಿಂಗಳುಗಳಿಗೆ ಮಾತ್ರ ತೆರಿಗೆ, ಉಳಿದ ತಿಂಗಳು ಕಾರು ಶೆಡ್ಡಿನಿಂದ ರಸ್ತೆಗೆ ಇಳಿಯುವಂತಿಲ್ಲ. ಕರಡಿಯ ಚಳಿನಿದ್ದೆಯ ಹಾಗೆ. "ಅತ್ತೆ, ನಾನು ರೈಲಿನಲ್ಲಿ ಹೋಗುವುದಿಲ್ಲವೇ?" ಎಂದಳು. ಮಗನ ಪಕ್ಷ: ನನ್ನ ಕೆಲಸದ ಜಾಗಕ್ಕೆ ರೈಲಿಲ್ಲ, ಬಸ್ಸು ಗಂಟೆಗೊಂದು, ಆದ್ದರಿಂದ ಚಳಿಗಾಲದ ಟಯರು ಕೊಳ್ಳುತ್ತೇನೆ. ನಡುವೆ ಮೂರನೆಯದು, ಎಲ್ಲ ಋತುವಿಗೂ ಒಂದೇ ಟಯರು. ಮಳೆಗೂ ಆಯಿತು, ಮದುವೆಗೂ ಆಯಿತು ಎನ್ನುವ ಚಪ್ಪಲಿಯ ಥರ. ಹಿಮ ಅಪರೂಪವಾಗಿರುವ ಊರಿನಲ್ಲಿ ನಿಧಾನವಾಗಿ ಓಡಿಸುವವರಿಗೆ ಅದು ಸಾಕಂತೆ. ಆಲ್ಪ್ಸಿನ ಬುಡದಲ್ಲಿ, ಹಿಂದಿನ ಚಕ್ರಗಳಿಂದ ತಳ್ಳಿಸಿಕೊಂಡು ಹೋಗುವ ಹಗುರ ಕಾರಿಗೆ ಸಾಲದೆಂದು ಮಗನೇ ಅದನ್ನು ಬಿಟ್ಟ.

ನಾನು ಪಂಚಾಯಿತಿಯ ಮುದುಕಿ. ನನ್ನೊಳಗಿನ ತೀರ್ಪು ಆಗಲೇ ಸಿದ್ಧವಾಗಿತ್ತು. ತಪ್ಪೆಲ್ಲ ಆ ಕೆಂಪು ಕಾರಿನದು, ಅದನ್ನು ಕೊಂಡ ಆಸೆಯದು ಎಂದು. ಆಸೆಯೇ ದುಃಖಕ್ಕೆ ಮೂಲ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಆ ವಾರ ಮಗನ ಪಕ್ಕದಲ್ಲಿ ಕೂತು ಟಯರಿನ ಪಾಠ ಹೇಳಿಸಿಕೊಂಡಾಗ ನನ್ನ ತೀರ್ಪು ಸ್ವಲ್ಪ ಸ್ವಲ್ಪವೇ ಜಾರಿತು.

ಮೊದಲನೆಯ ಪಾಠ ರಬ್ಬರಿನದು. ಚಳಿಗಾಲದ ಟಯರೆಂದರೆ ಹಿಮ ಬಿದ್ದಾಗ ಬೇಕಾದದ್ದು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಬೇಸಿಗೆಯ ಟಯರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮಲ್ಲಿ ಚಳಿಗೆ ತೆಂಗಿನೆಣ್ಣೆ ಶೀಸೆಯಲ್ಲಿ ಹೆಪ್ಪುಗಟ್ಟುವುದಿಲ್ಲವೇ, ಆ ರೀತಿ ಎಂದು ನಾನು ಅರ್ಥ ಮಾಡಿಕೊಂಡೆ. ಅದರಲ್ಲೂ ಸ್ಪೋರ್ಟ್ಸ್ ಕಾರಿಗೆ ಹಾಕುವ ಬೇಸಿಗೆಯ ಟಯರು ಬಿಸಿ ರಸ್ತೆಯನ್ನು ಕಚ್ಚಿ ಹಿಡಿಯಲೆಂದೇ ಮಾಡಿದ್ದು. ಕೊರೆಯುವ ಚಳಿಯಲ್ಲಿ ಅದರ ರಬ್ಬರು ಬಿರುಕು ಬಿಡುವುದೂ ಉಂಟು. ಚಳಿಗಾಲದ್ದಕ್ಕೆ ಬೇರೆ ಪಾಕ. ಅದರಲ್ಲಿ ಮರದಿಂದ ಬರುವ ಸಹಜ ರಬ್ಬರಿನ ಪಾಲು ಹೆಚ್ಚು, ಸಿಲಿಕಾ ಸೇರಿಸಿರುತ್ತಾರೆ, ಚಳಿಯಲ್ಲೂ ಅದು ಮೆತ್ತಗಿರುತ್ತದೆ. ಮೈತುಂಬ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳು. ಆ ಸೀಳುಗಳ ಅಂಚು ಹಿಮವನ್ನು ಕಚ್ಚುತ್ತದೆ. ಫಿನ್ಲೆಂಡಿನವರು 1934ರಲ್ಲೇ ಲಾರಿಗಳಿಗೆಂದು ಇಂಥ ಟಯರು ಮಾಡಿದರಂತೆ, ಎರಡು ವರ್ಷದ ಮೇಲೆ ಕಾರಿಗೂ. ಸುಳ್ಯದ ಕಡೆ ಹಗ್ಗದ ಮೇಲೆ ಒಣಹಾಕಿದ ರಬ್ಬರ್ ಶೀಟಿನ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡಿದವಳಿಗೆ ಆ ಮರದ ಹಾಲಿಗೆ ಇಷ್ಟು ದೊಡ್ಡ ಕೆಲಸವಿದೆ ಎಂದು ಯಾರು ಹೇಳಿದ್ದರು?

ಎರಡನೆಯ ಪಾಠ ಅಳತೆಯದು. ಮಗನ ಕಾರಿಗಿದ್ದ ಟಯರಿನ ಮೇಲೆ 205/45 R17 ಎಂದು ಬರೆದಿತ್ತು. 205 ಎಂದರೆ ಅಗಲ, ಮಿಲಿಮೀಟರಿನಲ್ಲಿ. 45 ಎಂದರೆ ಟಯರಿನ ಪಕ್ಕೆಯ ಎತ್ತರ, ಅಗಲದ ನೂರಕ್ಕೆ ನಲವತ್ತೈದು ಪಾಲು. 17 ಎಂದರೆ ಒಳಗಿನ ಲೋಹದ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ರಿಮ್ಮು ದೊಡ್ಡದು, ಟಯರು ತೆಳ್ಳಗೆ ಇದ್ದಷ್ಟೂ ಕಾರು ನೋಡಲು ಚೆಂದ, ತಿರುವಿನಲ್ಲಿ ಚುರುಕು. ಆದರೆ ಚಳಿಗಾಲಕ್ಕೆ ಬುದ್ಧಿವಂತರು ಇದನ್ನು ತಿರುವುಮುರುವು ಮಾಡುತ್ತಾರೆ. ಕಾರಿನ ಕಾಗದಪತ್ರದಲ್ಲಿ ಒಪ್ಪಿಗೆಯಿರುವ ಅಳತೆಗಳೊಳಗೇ ಒಂದಿಂಚು ಚಿಕ್ಕ ರಿಮ್ಮು, ಸ್ವಲ್ಪ ಕಿರಿದಾದ, ಪಕ್ಕೆ ಎತ್ತರವಾದ ಟಯರು. ಕಿರಿದಾದರೆ ಅಷ್ಟೇ ಭಾರ ಇಕ್ಕಟ್ಟಾದ ಜಾಗದ ಮೇಲೆ ಬಿದ್ದು ಸಡಿಲ ಹಿಮವನ್ನು ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತದೆ. ಪಕ್ಕೆ ಎತ್ತರವಾದರೆ ಹಿಮದಡಿ ಅಡಗಿದ ಹೊಂಡಕ್ಕೋ ಕಲ್ಲಂಚಿಗೋ ರಿಮ್ಮು ಬಡಿಯುವುದಿಲ್ಲ. ತೀರ ಚಿಕ್ಕದೂ ಆಗಬಾರದು. ಇಂಥ ಕಾರುಗಳ ಬ್ರೇಕು ದಪ್ಪ, ಅದರ ಮೇಲೆ ರಿಮ್ಮು ಕೂರಬೇಕು. ರಸ್ತೆಗೆ ಎರಚುವ ಉಪ್ಪು ಹೊಳೆಯುವ ರಿಮ್ಮನ್ನು ತಿಂದುಹಾಕುವುದರಿಂದ ಚಳಿಗಾಲದ್ದು ಸಾದಾ ಬಣ್ಣ ಬಳಿದದ್ದಾದರೆ ಒಳ್ಳೆಯದು.

ಅಂದರೆ ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರು ತನ್ನ ಚೆಂದವನ್ನು ಸ್ವಲ್ಪ ಬಿಟ್ಟುಕೊಡಬೇಕು. ಇದೇ ಮಗನಿಗೆ ಕಷ್ಟವಾದದ್ದು. ಅವನ ಕಣ್ಣು 18 ಇಂಚಿನ ಕಪ್ಪು ರಿಮ್ಮುಗಳ ಒಂದು ಜೊತೆಯ ಮೇಲಿತ್ತು. ಯಾರೋ ಬಳಸಿದ್ದು, ಅರ್ಧ ಬೆಲೆ, ಚಳಿಗಾಲದ ಟಯರು ಹಾಕಿಯೇ ಇತ್ತು. ಚಿತ್ರ ತೋರಿಸಿದ. ನಿಜಕ್ಕೂ ಚೆಂದವಿತ್ತು. ಟಯರಿನ ಪಕ್ಕೆಯಲ್ಲಿ 2916 ಎಂಬ ಅಂಕಿ ಕಂಡಿತು. ಇದೇನೆಂದು ಕೇಳಿದೆ. ತಯಾರಾದ ವಾರ, ವರ್ಷ, ಎಂದ. 2016ನೆಯ ಇಸವಿಯ 29ನೆಯ ವಾರ. ಎಂಟು ವರ್ಷ ಕಳೆದ ರಬ್ಬರು, ಮೇಲೆ ಎಷ್ಟು ಗೀರು ಉಳಿದಿದ್ದರೂ, ಗಟ್ಟಿಯಾಗಿರುತ್ತದೆ. ಹಪ್ಪಳದ ಡಬ್ಬಿಯ ಮೇಲೂ ತಾರೀಕು ಬರೆದಿಡುವ ತಾಯಿ ಏನು ಹೇಳಬೇಕಿತ್ತೋ ಅದು ಅವನಿಗೆ ನನ್ನ ಮುಖದಲ್ಲೇ ಕಂಡಿರಬೇಕು. ಪುಟ ಮುಚ್ಚಿದ.

ಇನ್ನು ಕಾನೂನಿನ ಪಾಠ. ಇದೇ ನನ್ನನ್ನು ಹೆಚ್ಚು ಕಾಡಿದ್ದು. ನೆರೆಯ ಆಸ್ಟ್ರಿಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಎಂದು ಅವಧಿಯಿದೆ. ಆ ಅವಧಿಯಲ್ಲಿ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟಯರು ಬೇಕು. ಜರ್ಮನಿಯ ನಿಯಮದಲ್ಲಿ ತಾರೀಕೇ ಇಲ್ಲ. 2010ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮ ಸ್ಥಿತಿಯನ್ನು ಮಾತ್ರ ಹೇಳುತ್ತದೆ: ರಸ್ತೆಯಲ್ಲಿ ಹಿಮವೋ, ಹಿಮದ ಕೆಸರೋ, ಮಂಜುಗಡ್ಡೆಯೋ, ಇಬ್ಬನಿ ಹೆಪ್ಪುಗಟ್ಟಿದ ಜಾರಿಕೆಯೋ ಇದ್ದರೆ ತಕ್ಕ ಟಯರಿಲ್ಲದೆ ಓಡಿಸಬಾರದು. 2024ರ ಅಕ್ಟೋಬರ್ 1ರಿಂದ ತಕ್ಕ ಟಯರೆಂದರೆ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು ಇರುವ ಮುದ್ರೆಯದ್ದು ಮಾತ್ರ; ಪರೀಕ್ಷೆಯಲ್ಲಿ ಪಾಸಾದ ಟಯರಿಗಷ್ಟೇ ಆ ಮುದ್ರೆ. ಆದರೆ ಈ ಬೆಳಿಗ್ಗೆ ರಸ್ತೆ ಜಾರುತ್ತದೆಯೋ ಇಲ್ಲವೋ ಎಂದು ನಿರ್ಧರಿಸುವವರು ಯಾರು? ಕೀಲಿಕೈ ಹಿಡಿದವನೇ. ಕಾನೂನು ಅವನ ವಿವೇಕದ ಬಾಗಿಲಿಗೆ ಬಂದು ನಿಂತುಬಿಡುತ್ತದೆ.

ಮೀರಿದರೆ ದಂಡ. ಆ ದಂಡದ ಪಟ್ಟಿ ನೋಡಿ ನನಗೆ ವಿಚಿತ್ರವೆನಿಸಿತು. ಜಾರುವ ರಸ್ತೆಯಲ್ಲಿ ಬೇಸಿಗೆಯ ಟಯರಿನಲ್ಲಿ ಓಡಿಸಿದರೆ 60 ಯೂರೋ. ಅದರಿಂದ ಬೇರೆಯವರಿಗೆ ಅಡಚಣೆಯಾದರೆ 80. ಅಪಾಯವಾಗುವಂತಿದ್ದರೆ 100. ಅಪಘಾತವೇ ಆದರೆ 120. ಮಾಡಿದ ತಪ್ಪು ನಾಲ್ಕರಲ್ಲೂ ಒಂದೇ. ಆ ಬೆಳಿಗ್ಗೆ ಟಯರು ಹಾಕದೆ ಹೊರಟದ್ದು. ಉಳಿದದ್ದೆಲ್ಲ ಎದುರಿಗೆ ಯಾರು ಬಂದರು, ಯಾವಾಗ ಬಂದರು ಎಂಬುದರ ಮೇಲೆ. ಮುದುಕಿ ಎರಡು ಹೆಜ್ಜೆ ಮುಂದಿದ್ದರೆ ನನ್ನ ಮಗ ಇವತ್ತು ಬೇರೆಯೇ ಮನುಷ್ಯ.

ಸೊಸೆ ಎಂ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದವಳು. "ಅತ್ತೆ, ಇದಕ್ಕೊಂದು ಹೆಸರಿದೆ" ಎಂದಳು. 1976ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ ಎಂಬ ಇಬ್ಬರು ಒಂದೇ ವಿಷಯದ ಮೇಲೆ ಒಂದೊಂದು ಪ್ರಬಂಧ ಬರೆದರಂತೆ. ನೈತಿಕ ಅದೃಷ್ಟ ಎಂಬುದು ಆ ವಿಷಯ. ನೇಗಲ್ ಕೊಟ್ಟ ಉದಾಹರಣೆಗಳಲ್ಲಿ ಒಂದು ಲಾರಿ ಓಡಿಸುವವನದು. ಬ್ರೇಕನ್ನು ಪರೀಕ್ಷೆ ಮಾಡಿಸದೆ ಉದಾಸೀನ ಮಾಡಿದ್ದಾನೆ. ಒಂದು ಮಗು ಅಡ್ಡ ಬಂದು ಸಾಯುತ್ತದೆ. ಜೀವಮಾನವಿಡೀ ಅವನಿಗೆ ಆ ಪಾಪ. ಅಷ್ಟೇ ಉದಾಸೀನ ಮಾಡಿದ ಇನ್ನೊಬ್ಬನ ಎದುರಿಗೆ ಮಗು ಬರಲೇ ಇಲ್ಲ. ಅವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಇಬ್ಬರ ತಪ್ಪೂ ಒಂದೇ ಅಲ್ಲವೇ? ಒಂದೇ ಆದರೆ ನಾವೇಕೆ ಒಬ್ಬನಿಗೆ ಮಾತ್ರ ಕಲ್ಲು ಹೊಡೆಯುತ್ತೇವೆ?

ಅವಳು ಇದನ್ನು ಪಾತ್ರೆ ಒರೆಸುತ್ತ ಹೇಳಿದಳು. ನಾನು ಕೈಲಿದ್ದ ಬಟ್ಟಲನ್ನು ಕೆಳಗಿಟ್ಟೆ. ಯಾಕೆಂದರೆ ಆ ಉಂಡು ಮಲಗಿದವಳು ನಾನೇ ಆಗಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಮದುವೆಯಾದ ಹೊಸತರಲ್ಲಿ ನಾವಿದ್ದ ಹಳ್ಳಿಯ ಮನೆಯ ಬಾವಿಯ ಕಟ್ಟೆ ಒಂದು ಮಳೆಗಾಲದಲ್ಲಿ ಕುಸಿದಿತ್ತು. ಒಂದು ಪಕ್ಕ, ಮೂರಡಿಯಷ್ಟು. ಕಟ್ಟಿಸಬೇಕು, ಕಟ್ಟಿಸಬೇಕು ಎನ್ನುತ್ತ ಎರಡು ವರ್ಷ ಕಳೆದೆವು. ಅಡಿಕೆಯ ದುಡ್ಡು ಬಂದಾಗ ಬೇರೊಂದು ಖರ್ಚು ಬರುತ್ತಿತ್ತು. ಎರಡು ಅಡಿಕೆ ಸಲಾಕೆ ಅಡ್ಡ ಕಟ್ಟಿ ಸುಮ್ಮನಿದ್ದೆವು. ಮಗನಿಗೆ ಆಗ ಎರಡು ವರ್ಷ, ಅಂಗಳ ತುಂಬ ಓಡುತ್ತಿದ್ದ. ಅಂಥದೇ ಬಾವಿ, ಅಂಥದೇ ಕುಸಿದ ಕಟ್ಟೆ, ಗುಡ್ಡದಾಚೆಯ ಇನ್ನೊಂದು ಮನೆಯಲ್ಲೂ ಇತ್ತು. ಒಂದು ಮಧ್ಯಾಹ್ನ ಆ ಮನೆಯ ಹೆಂಗಸು ಒಳಗೆ ಅನ್ನ ಬಸಿಯುತ್ತಿದ್ದಾಗ ಅವಳ ಮಗು ಬಾವಿಗೆ ಬಿತ್ತು. ಎತ್ತುವಷ್ಟರಲ್ಲಿ ಆಗಿಹೋಗಿತ್ತು.

ನಾವೆಲ್ಲ ಹೋದೆವು, ಅತ್ತೆವು. ಹಿಂದೆ ಬರುವಾಗ ದಾರಿಯಲ್ಲಿ ಹೆಂಗಸರು ಮಾತಾಡಿಕೊಂಡೆವು. "ಮಗುವಿರುವ ಮನೆಯಲ್ಲಿ ಬಾವಿಯನ್ನು ಹಾಗೆ ಬಿಡುತ್ತಾರೆಯೇ? ಎಂಥ ತಾಯಿ?" ಆ ಮಾತು ಯಾರೋ ಆಡಿದರು ಎಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಆಡಿದವಳು ನಾನೇ. ಮರುದಿನವೇ ಮೇಸ್ತ್ರಿಯನ್ನು ಕರೆಸಿ ನಮ್ಮ ಬಾವಿಗೆ ಕಟ್ಟೆ ಕಟ್ಟಿಸಿದೆವು. ದುಡ್ಡು ಹೇಗೋ ಒದಗಿತು. ಆ ತಾಯಿ ಮತ್ತೆ ಯಾವ ಮದುವೆ ಮುಂಜಿಯಲ್ಲೂ ತಲೆಯೆತ್ತಿ ಕೂತದ್ದನ್ನು ನಾನು ಕಾಣಲಿಲ್ಲ. ನಾನು ಶಾಲೆಯಲ್ಲಿ ಮಕ್ಕಳಿಗೆ ನೀತಿಪಾಠ ಹೇಳಿದೆ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಏನು? ನನ್ನ ಮಗು ಅವತ್ತು ಇನ್ನೊಂದು ದಿಕ್ಕಿಗೆ ಓಡಿತ್ತು, ಅಷ್ಟೇ.

ಅದೃಷ್ಟ ಎಂಬ ಮಾತನ್ನು ಒಡೆದರೆ ಅ-ದೃಷ್ಟ, ಕಣ್ಣಿಗೆ ಕಾಣದ್ದು ಎಂದು. ನೂರು ಸಲ ಬೋರ್ಡಿನ ಮೇಲೆ ಬರೆದು ಬಿಡಿಸಿದ ಪದ. ಅದರ ಅರ್ಥ ಹೊಳೆದದ್ದು ಮಗನ ಕಾರಿನಲ್ಲಿ. ಓಡಿಸುವವನ ಸೀಟಿನಿಂದ ಟಯರು ಕಾಣುವುದಿಲ್ಲ. ಅಷ್ಟು ದೊಡ್ಡ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದೂ ಹೆಚ್ಚುಕಡಿಮೆ ಅಂಗೈಯಷ್ಟು ಅಗಲದ ಜಾಗದಲ್ಲಿ. ಎಂಜಿನ್ನಿನ ಶಕ್ತಿ, ಬ್ರೇಕಿನ ಬಲ, ಜಾರದಂತೆ ನೋಡಿಕೊಳ್ಳುವ ಯಂತ್ರಗಳ ಜಾಣತನ, ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ರಸ್ತೆಗೆ ತಲುಪಬೇಕು. ಅಲ್ಲಿ ಹಿಡಿತವಿಲ್ಲದಿದ್ದರೆ ಆ ಯಂತ್ರಗಳು ಹಿಡಿತವನ್ನು ಹುಟ್ಟಿಸಲಾರವು, ಇದ್ದದ್ದನ್ನು ಹಂಚಬಲ್ಲವು. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ದೊಡ್ಡ ಕಾರಿನವರು ನಮಗೇನು ಭಯ ಎಂದುಕೊಳ್ಳುತ್ತಾರಂತೆ. ಆ ಶಕ್ತಿ ಹೊರಡುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕಲ್ಲ. ಹಿಮದ ಮೇಲೆ ಬೇಸಿಗೆಯ ಟಯರಿನ ಕಾರು ನಿಲ್ಲಲು ಹೆಚ್ಚುಕಡಿಮೆ ಇಮ್ಮಡಿ ದೂರ ಬೇಕು.

ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸ್ಪೋರ್ಟ್ಸ್ ಕಾರನ್ನು ಕೊಳ್ಳುವುದು ಹೋಗುವ ಸುಖಕ್ಕೆ. ಚಳಿಗಾಲದ ಟಯರನ್ನು ಕೊಳ್ಳುವುದು ನಿಲ್ಲುವುದಕ್ಕೆ. ಹೋಗುವುದು ನನ್ನದು. ನಿಲ್ಲುವುದು ಪಟ್ಟೆಯ ಮೇಲೆ ಕಾಲಿಟ್ಟ ಇನ್ನೊಬ್ಬರಿಗಾಗಿ. ಅವರ ಹೆಸರು ನನಗೆ ಗೊತ್ತಿಲ್ಲ, ಅವರಿಗೆ ನನ್ನ ಟಯರು ಎಂಥದೆಂದು ಗೊತ್ತಿಲ್ಲ. ಗೊತ್ತಿಲ್ಲದೆಯೇ ನಂಬಿ ಕಾಲಿಡುತ್ತಾರೆ. ಆ ಮುದುಕಿ ಕೈಯೆತ್ತಿ ಧನ್ಯವಾದ ಹೇಳಿದ್ದು ನಾವು ನಿಲ್ಲಿಸಿದೆವೆಂದು. ನಾವು ನಿಲ್ಲಿಸಿರಲಿಲ್ಲ, ಕಾರು ನಿಂತಿತ್ತು. ಆ ಧನ್ಯವಾದಕ್ಕೆ ನಾವು ಬಾಕಿ.

ಹಾಗಾದರೆ ಸೊಸೆ ಹೇಳಿದ್ದೇ ಸರಿಯೇ, ಕಾರು ಮಲಗಬೇಕಿತ್ತೇ, ಮಾರಿಬಿಡಬೇಕಿತ್ತೇ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ಎಂದುಕೊಂಡಿದ್ದೆ ಎಂದೆನಲ್ಲ. ಈಗ ಹಾಗನ್ನಿಸುವುದಿಲ್ಲ. ಬಾವಿ ಮನೆಗೆ ಅವಶ್ಯ, ಕೆಂಪು ಕಾರು ಅವಶ್ಯವಲ್ಲ, ನಿಜ. ಆದರೂ ತಪ್ಪು ಆಸೆಯಲ್ಲಿರಲಿಲ್ಲ. ನಾವು ಹೆಂಗಸರು ಎಷ್ಟು ಸಣ್ಣ ಸಣ್ಣ ಸಂತೋಷಗಳನ್ನು, ಇದು ಅವಶ್ಯವಲ್ಲ ಎಂದು, ಬಿಟ್ಟುಕೊಂಡು ಬಂದಿದ್ದೇವೆ. ಬಿಟ್ಟದ್ದರಿಂದ ಲೋಕಕ್ಕೆ ಏನು ಉಪಕಾರವಾಯಿತೋ ನನಗೆ ತಿಳಿಯದು. ತಪ್ಪಿದ್ದದ್ದು ಸಂತೋಷದ ಬೆಲೆಯಲ್ಲಿ ಅರ್ಧವನ್ನು ಮಾತ್ರ ಕೊಟ್ಟು ಮನೆಗೆ ತಂದದ್ದರಲ್ಲಿ. ಉಳಿದರ್ಧ ಬೆಲೆಯನ್ನು ಗೊತ್ತಿಲ್ಲದ ಆ ಮುದುಕಿಯ ತಲೆಯ ಮೇಲೆ ಇಟ್ಟಿದ್ದೆವು, ಅವಳನ್ನು ಕೇಳದೆ.

ಇದನ್ನು ಮಗನಿಗೆ ಹೀಗೇನೂ ಹೇಳಲಿಲ್ಲ. ಬೆಳೆದ ಮಕ್ಕಳಿಗೆ ಪ್ರವಚನ ಹಿಡಿಸುವುದಿಲ್ಲ. ಬಾವಿಯ ಕತೆಯನ್ನು ಮಾತ್ರ ಹೇಳಿದೆ. ಅವನಿಗೆ ಅದು ಗೊತ್ತಿರಲಿಲ್ಲ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಮ್ಮ, ಅವತ್ತಿನಿಂದ ನನಗೂ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ" ಎಂದ. ಏನೂ ಆಗಲಿಲ್ಲವಲ್ಲ ಎಂದದ್ದು ನನ್ನ ಸಮಾಧಾನಕ್ಕಿರಬೇಕು.

ಕೊನೆಗೆ ಕೊಂಡದ್ದು 195/50 R16. ಸಾದಾ ಬೂದು ಬಣ್ಣದ ರಿಮ್ಮು, ಹೊಸ ಟಯರು, ಪಕ್ಕೆಯಲ್ಲಿ ಮೂರು ಶಿಖರದ ಮುದ್ರೆ. ಬೆಲೆ ಕೇಳಿದರೆ ನನ್ನ ಎರಡು ತಿಂಗಳ ಪೆನ್ಶನ್. ಹಾಕಿಸಲು ವರ್ಕ್‌ಶಾಪಿನಲ್ಲಿ ದಿನ ಸಿಗುವುದೇ ಕಷ್ಟವಾಯಿತು. ಮೊದಲ ಇಬ್ಬನಿ ಕಂಡದ್ದೇ ಊರಿನವರೆಲ್ಲ ಒಟ್ಟಿಗೆ ಅಲ್ಲಿಗೆ ಓಡುತ್ತಾರೆ. ದಿನ ಸಿಗುವವರೆಗೆ ಎರಡು ವಾರ ಮಗ ಗಂಟೆಗೊಂದರ ಬಸ್ಸಿನಲ್ಲಿ ಕೆಲಸಕ್ಕೆ ಹೋದ. ಕೆಂಪು ಕಾರು ಶೆಡ್ಡಿನಲ್ಲಿತ್ತು. ಆ ಎರಡು ವಾರ ಬಸ್ಸಿಗೆ ಕಾಯುತ್ತ ನಿಂತದ್ದೇ ಅವನು ತೆತ್ತ ನಿಜವಾದ ದಂಡವೆಂದು ನನಗನಿಸುತ್ತದೆ. ಯಾರೂ ವಿಧಿಸದ್ದು.

ಹೊಸ ಚಕ್ರ ಹಾಕಿದ ಮೇಲೆ ಕಾರು ಸ್ವಲ್ಪ ಮಂಕಾಗಿ ಕಂಡಿತು, ಮದುವೆಮನೆಯಲ್ಲಿ ಹವಾಯಿ ಚಪ್ಪಲಿ ಹಾಕಿ ಬಂದವರ ಹಾಗೆ. ಮಗನೇ ಹಾಗೆಂದು ನಕ್ಕ. ಐವತ್ತು ಕಿಲೋಮೀಟರು ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದ. ಮೊದಲ ಹಿಮ ಬಿದ್ದ ದಿನ ನಾನೇ ಹಟ ಮಾಡಿ ಪಕ್ಕದಲ್ಲಿ ಕೂತೆ. ಅದೇ ಇಳಿಜಾರು, ಅದೇ ಪಟ್ಟೆ. ಪಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಆದರೂ ಮೇಲಿನಿಂದಲೇ ನಿಧಾನ ಮಾಡುತ್ತ ಬಂದ. ಒಳ್ಳೆಯ ಟಯರು ಹಾಕಿಕೊಂಡೆನೆಂದು ಜೋರಾಗಿ ಓಡಿಸಿದರೆ ಹಾಕಿದ್ದೇ ವ್ಯರ್ಥ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆಂಬ ಲೆಕ್ಕ ಯಾವ ರಬ್ಬರಿಗೂ ಬದಲಾಗುವುದಿಲ್ಲ.

ಕಳಚಿದ ಬೇಸಿಗೆಯ ಚಕ್ರಗಳನ್ನು ಅಲ್ಲಿ ವರ್ಕ್‌ಶಾಪಿನವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಟಯರು ಹೋಟೆಲು ಎಂದೇ ಹೆಸರು. ಹೋಟೆಲಿಗೆ ದುಡ್ಡು ಯಾಕೆಂದು ಮಗ ಮನೆಯ ನೆಲಮಾಳಿಗೆಗೆ ತಂದ. ಯಾವ ಚಕ್ರ ಯಾವ ಮೂಲೆಯದೆಂದು ಗುರುತು ಹಾಕಿಡಬೇಕಂತೆ. ಸೀಮೆಸುಣ್ಣ ಎಂದ ತಕ್ಷಣ ನನ್ನ ಕೈ ಮುಂದೆ ಹೋಯಿತು. ಕೂತು ನಾಲ್ಕಕ್ಕೂ ದುಂಡಾಗಿ ಬರೆದೆ: ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ.

ಜನವರಿಯಲ್ಲಿ ಊರಿಗೆ ಬಂದೆ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದಿತ್ತು. ಅದಾದ ವಾರ ಮಗ ಫೋನಿಗೊಂದು ಚಿತ್ರ ಕಳಿಸಿದ. ನೆಲಮಾಳಿಗೆಯಿಂದ ಮೇಲೆ ತಂದ ಚಕ್ರಗಳು, ನನ್ನ ಅಕ್ಷರ ಹಾಗೇ ಇತ್ತು. ಕೆಳಗೆ ಬರೆದಿದ್ದ: "ಅಮ್ಮ, ಇವತ್ತು ಬದಲಾಯಿಸುತ್ತೇನೆ. ಬರುವ ಅಕ್ಟೋಬರ್ ಮೊದಲ ವಾರಕ್ಕೆ ಈಗಲೇ ವರ್ಕ್‌ಶಾಪಿನಲ್ಲಿ ದಿನ ಗೊತ್ತು ಮಾಡಿದ್ದೇನೆ."

ಗುಡ್ಡದಾಚೆಯ ಆ ತಾಯಿ ಈಗಲೂ ಇದ್ದಾಳೆ, ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಅವಳ ಮನೆಗೆ ನಾನು ನಲವತ್ತು ವರ್ಷದಿಂದ ಹೋಗಿಲ್ಲ. ಮಗನ ಚಿತ್ರ ನೋಡಿದ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವಳಿಗೆ ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಯೋಚಿಸುತ್ತಿದ್ದೆ. ಕೊನೆಗೆ, ನಮ್ಮ ಬಾವಿಯ ಕಟ್ಟೆಯೂ ಆಗ ಕುಸಿದಿತ್ತು ಎಂದಷ್ಟೇ ಹೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು.